ಅರ್ಧ ತಾಸಿನ ಸುತ್ತೋಲೆ

ಮನುಷ್ಯನಿಗೆ ಇನ್ನೊಬ್ಬರ ಆರೋಗ್ಯದ ಬಗ್ಗೆ ಇರುವ ಉತ್ಸಾಹ ತನ್ನದರ ಬಗ್ಗೆ ಯಾಕಿರುವುದಿಲ್ಲವೋ ನಾ ಕಾಣೆ. ನಾನಂತೂ ಮುನ್ನೂರು ಜನರಿಗೆ ದಿನಾ ನಡೆಯಿರಿ ಎಂದು ಹೇಳಿದವನು, ಅದೂ ಕುರ್ಚಿಯಿಂದ ಏಳದೆ. ಇದು ತೊಂಬತ್ತರ ದಶಕದ ಮಾತು. ಪಿಂಪ್ರಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಾನು ಗುಮಾಸ್ತ. ವಿಜಾಪುರದಿಂದ ಬಂದಾಗ ಕಡ್ಡಿಯಂತಿದ್ದವನು, ಕುರ್ಚಿ ಸಿಕ್ಕ ಮೇಲೆ ಅದರ ಆಕಾರಕ್ಕೇ ಬಂದುಬಿಟ್ಟಿದ್ದೆ. ರಕ್ತದಲ್ಲಿ ಸಕ್ಕರೆ ಬೇರೆ. "ಮುಂದಿನ ತಪಾಸಣೆಯೊಳಗೆ ಇಳಿಯದಿದ್ದರೆ ದಿನಾ ಇಂಜೆಕ್ಷನ್ನೇ" ಎಂದು ಕಾರ್ಖಾನೆಯ ಡಾಕ್ಟರು ಹೇಳಿದ್ದರು. ಸೂಜಿ ಎಂದರೆ ನನಗೆ ಜೀವವೇ ಹೋಗುತ್ತದೆ. ಹೆಂಡತಿ ಗುಂಡಿ ಹಚ್ಚುವಾಗಲೂ ಅಂಗಿ ಬಿಚ್ಚಿಕೊಟ್ಟು ದೂರ ನಿಲ್ಲುವವನು ನಾನು.

ಅಂಥ ಹೊತ್ತಿಗೇ ಮುಂಬೈಯ ಹೆಡ್ ಆಫೀಸಿನಿಂದ ಹೊಸ ನಿಯಮ ಬಂತು: ಪ್ರತಿಯೊಬ್ಬ ನೌಕರನೂ ದಿನಕ್ಕೆ ಅರ್ಧ ತಾಸು ಚುರುಕಾಗಿ ನಡೆಯತಕ್ಕದ್ದು. ಇದನ್ನು ಎಲ್ಲರಿಗೂ ತಲುಪಿಸಿ, ಓದಿದ್ದಕ್ಕೆ ಸಹಿ ಪಡೆದು, ವಾರದೊಳಗೆ ವರದಿ ಕಳಿಸಬೇಕು. ಆಹಾ, ಇಂಥ ಕೆಲಸಕ್ಕೇ ಹುಟ್ಟಿದವನು ನಾನು! ಸುತ್ತೋಲೆ ಟೈಪು ಮಾಡಿ, ಮೇಲೆ ದಪ್ಪ ಅಕ್ಷರದಲ್ಲಿ 'ಕುಳಿತೇ ಇರಬೇಡಿ' ಎಂದು ಹಾಕಿ, ಕೆಳಗೆ ನನ್ನ ಸಹಿ ಜಡಿದು, ಕೂತಲ್ಲಿಂದಲೇ ಜವಾನ ಶಿವಪ್ಪನನ್ನು ಕೂಗಿದೆ.

ಶಿವಪ್ಪ ಅಕ್ಕಲಕೋಟೆ ಕಡೆಯವನು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ನಮ್ಮ ಕಾರ್ಖಾನೆಯೋ ಒಂದು ಊರಿದ್ದಂತೆ. ಫೌಂಡ್ರಿ ಈ ತುದಿಗೆ, ಪೇಂಟ್ ಶಾಪ್ ಆ ತುದಿಗೆ. ಶಿವಪ್ಪ ಫೈಲನ್ನು ಬಗಲಲ್ಲಿಟ್ಟುಕೊಂಡು ಆರು ದಿನ ನಡೆದ. ಕ್ರೇನಿನ ಮೇಲೆ ಕೂತವನ ಸಹಿಗೆ ಏಣಿ ಹತ್ತಿದ. ರಜೆಯಲ್ಲಿದ್ದವನೊಬ್ಬನ ಸಹಿಗೆ ಪಕ್ಕದೂರು ಚಿಂಚವಾಡದ ಅವನ ಮನೆಗೇ ನಡೆದುಹೋಗಿ ಬಂದ. ಶನಿವಾರ ಸಂಜೆ ಫೈಲನ್ನು ನನ್ನ ಮೇಜಿನ ಮೇಲಿಟ್ಟು ನಿಂತಾಗ ಅವನ ಉಸಿರು ಒಂದಿಷ್ಟೂ ಏರಿರಲಿಲ್ಲ. ದೇವರಾಣೆ, ನನಗೆ ಕೈಮುಗಿಯಬೇಕೆನಿಸಿತು. ಆ ಸಹಿಗಳನ್ನು ಎಣಿಸಿಯೇ ನಾನು ಸುಸ್ತಾಗಿದ್ದೆ.

ಅವನದೊಂದೇ ಸಹಿ ಬಾಕಿ ಇತ್ತು. ಅವನಿಗೆ ಸಹಿ ಮಾಡುವುದಷ್ಟೇ ಬರುತ್ತಿತ್ತು, ಓದು ಬರುತ್ತಿರಲಿಲ್ಲ.

"ಇದರಾಗ ಏನ್ ಬರದಾರ್ರಿ ಸಾಹೇಬ್ರ?" ಎಂದು ಕೇಳಿದ.

"ದಿನಾ ಅರ್ಧಾ ತಾಸು ಎಲ್ಲಾರೂ ನಡೀಬೇಕಂತ."

ಶಿವಪ್ಪನ ಮುಖ ಇಳಿಯಿತು. "ಬರೇ ಅರ್ಧಾ ತಾಸೇನ್ರಿ? ಮತ್ತ ಉಳದ ಹೊತ್ತು ನಾ ಏನ್ ಮಾಡ್ಲಿರಿ?"

ಅವನು ಚೇಷ್ಟೆ ಮಾಡುತ್ತಿರಲಿಲ್ಲ, ನಿಜಕ್ಕೂ ಚಿಂತೆಗೆ ಬಿದ್ದಿದ್ದ. "ಇದು ನಿನಗಲ್ಲೋ ಮಾರಾಯಾ, ನಮ್ಮಂಥವ್ರಿಗೆ" ಎಂದು ನಾನು ಹೇಳಿದ ಮೇಲೆ ನಿರಾಳವಾಗಿ ಸಹಿ ಹಾಕಿದ.

ಎಲ್ಲರಿಗಿಂತ ಮೊದಲು ವರದಿ ಕಳಿಸಿದ್ದಕ್ಕೆ ಹೆಡ್ ಆಫೀಸಿನಿಂದ ನನ್ನ ಹೆಸರಿಗೆ ಪ್ರಶಂಸಾಪತ್ರ ಬಂತು. ಹೆಂಡತಿಗೆ ತೋರಿಸಿದೆ. "ಅದೆಲ್ಲಾ ಇರ್ಲಿ, ನೀವು ಎಷ್ಟು ನಡದ್ರಿ?" ಎಂದಳು. ನಾನು ಊಟಕ್ಕೆ ಬಡಿಸು ಎಂದೆ.

ತಪಾಸಣೆಯ ದಿನ ಬಂದೇ ಬಂತು. ದವಾಖಾನೆ ಫೌಂಡ್ರಿಯ ಆಚೆಗಿತ್ತು. ಸ್ಟೋರಿನ ಟೆಂಪೋ ಹತ್ತಿ ಹೋದೆ. ಸಕ್ಕರೆ ಇನ್ನೂ ಮೇಲೇರಿತ್ತು. ಡಾಕ್ಟರು ಗೋಡೆಯ ಕಡೆ ಬೆರಳು ಮಾಡಿ, "ಅದನ್ನು ಒಮ್ಮೆಯಾದರೂ ಓದಿದ್ದೀರಾ? ಬರೆದ ಪುಣ್ಯಾತ್ಮ ಎಷ್ಟು ಕಳಕಳಿಯಿಂದ ಬರೆದಿದ್ದಾನೆ!" ಎಂದು ಗದರಿದರು. ಅಲ್ಲಿ ನನ್ನ ಸುತ್ತೋಲೆ ಅಂಟಿಸಿತ್ತು. ನನ್ನ ಸಹಿ ಯಾರಿಗೂ ಓದಲು ಬಾರದಂತಿರುವುದು ಆ ದಿನ ಉಪಯೋಗಕ್ಕೆ ಬಂತು. ಸೂಜಿಗೆ ತೋಳು ಚಾಚಿದೆ.

ಅಂದಿನಿಂದ ದಿನಾ ಬೆಳಿಗ್ಗೆ ದವಾಖಾನೆಯಲ್ಲಿ ಸೂಜಿ. ಬೆಳಿಗ್ಗೆ ಟೆಂಪೋ ಇರುವುದಿಲ್ಲ; ಹೋಗಿ ಬರಲು ಸರಿಯಾಗಿ ಅರ್ಧ ತಾಸು. ಶಿವಪ್ಪ ಜೊತೆಗೆ ಬರುತ್ತಿದ್ದ, ನನಗಾಗಿ ಹೆಜ್ಜೆ ಸಣ್ಣದು ಮಾಡಿಕೊಂಡು. ಮೊದಲ ದಿನ ಫೌಂಡ್ರಿಯ ಹತ್ತಿರವೇ ನಾನು ಏದುಸಿರು ಬಿಡುತ್ತಾ ಕಟ್ಟೆಯ ಮೇಲೆ ಕುಸಿದೆ. ಶಿವಪ್ಪ ಬಹಳ ಮರುಕದಿಂದ ನನ್ನನ್ನು ನೋಡಿದ.

"ಸಾಹೇಬ್ರ, ಅರ್ಧಾ ತಾಸು ನಿಮಗ ಭಾಳ ಆಗ್ತದ್ರಿ. ಮುಂಬೈಗೆ ಬರದು ಕಾಲ್ ತಾಸು ಮಾಡಸ್ರಿ. ಸಹಿ ಬೇಕಾದ್ರ ನಾ ತರ್ತೀನಿ."

ಹೇಳಲು ನಾಚಿಕೆಯಾಗುತ್ತದೆ, ಅಷ್ಟರಲ್ಲಾಗಲೇ ನನ್ನ ಮನಸ್ಸಿನಲ್ಲಿ ಪತ್ರದ ಒಕ್ಕಣೆ ಶುರುವಾಗಿತ್ತು.