ಬೊಟ್ಟಿಟ್ಟ ನಂಬರ್ ಪ್ಲೇಟು

ದುಡ್ಡಿನ ಜಂಬ, ರೂಪದ ಜಂಬ, ಓದಿನ ಜಂಬ ಎಂದು ಜಂಬದಲ್ಲಿ ಹಲವು ಬಗೆ. ಇವುಗಳಲ್ಲಿ ಒಂದನ್ನೂ ದೇವರು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ನವಿ ಮುಂಬಯಿಯ ತುರ್ಭೆಯಲ್ಲಿ ಒಂದು ಕಾರ್ಖಾನೆಯ ಲೆಕ್ಕ ಬರೆಯುತ್ತ ಕೂದಲು ಹಣ್ಣಾದವನು ನಾನು. ಕೋಪರಖೈರಣೆಯಲ್ಲಿ ಎರಡು ಕೋಣೆಯ ಮನೆ, ಒಂದು ಕಪ್ಪು ಸ್ಕೂಟರು, ಉಡುಪಿ ಕಡೆಯ ಹೆಂಡತಿ ಶಾಲಿನಿ, ಇಷ್ಟೇ ನನ್ನ ಸಂಪಾದನೆ. ಆದರೆ ಪೂರ್ತಿ ಜಂಬವಿಲ್ಲದೆ ಮನುಷ್ಯ ಬೆಳಿಗ್ಗೆ ಏಳುವುದಾದರೂ ಹೇಗೆ? ಹಾಗಾಗಿ ನಾನೂ ಒಂದನ್ನು ಸಾಕಿಕೊಂಡಿದ್ದೆ. ನನ್ನ ಸ್ಕೂಟರಿನ ಮೇಲೆ ಟ್ರಾಫಿಕ್ ಪೊಲೀಸರ ಒಂದೇ ಒಂದು ಚಲನ್ ಇರಲಿಲ್ಲ.

ಇದು ಸಣ್ಣ ಮಾತೆಂದು ನೀವು ತಿಳಿದರೆ ನೀವು ಈ ಕಡೆಯವರಲ್ಲ. ನಮ್ಮಲ್ಲಿ ಈಗ ಪೊಲೀಸನ ಜೊತೆ ವಾದಿಸುವ ಸುಖವೂ ಉಳಿದಿಲ್ಲ. ಕಂಬದ ಮೇಲೆ ಕ್ಯಾಮೆರಾ ಇರುತ್ತದೆ, ಅದು ಹಿಂದಿನಿಂದ ಫೋಟೋ ಹೊಡೆಯುತ್ತದೆ, ಸಂಜೆಯೊಳಗೆ ಗಾಡಿಯ ಮಾಲೀಕನ ಫೋನಿಗೆ ಚಲನ್ ಬಂದು ಬೀಳುತ್ತದೆ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಇದರಿಂದ ಪಾರಾದವರಿಲ್ಲ. ನಾನು ಮಾತ್ರ ಆಗಾಗ ಫೋನಿನಲ್ಲಿ ನನ್ನ ಗಾಡಿಯ ನಂಬರು ಹಾಕಿ, 'ಯಾವುದೇ ಚಲನ್ ಇಲ್ಲ' ಎಂಬ ಸಾಲನ್ನು ಸ್ತೋತ್ರದ ಹಾಗೆ ಓದಿ, ಲಿಫ್ಟಿನಲ್ಲಿ ಸಿಕ್ಕವರಿಗೂ ತೋರಿಸುತ್ತಿದ್ದೆ. ಹೆಲ್ಮೆಟ್ ಬಿಟ್ಟು ನಾನು ಮನೆಯಿಂದ ಹೊರಟವನೇ ಅಲ್ಲ. ಅದು ಯಾವಾಗಲೂ ನನ್ನ ಜೊತೆಗಿರುತ್ತಿತ್ತು, ಎಡಗೈಯ ಮೊಣಕೈಯಲ್ಲಿ. ಪೊಲೀಸರು ನಿಲ್ಲುವ ಜಾಗಗಳು ನನಗೆ ಬಾಯಿಪಾಠ. ಅಲ್ಲಿ ಅದು ತಲೆಗೇರಿ, ದಾಟಿದ ಮೇಲೆ ಮತ್ತೆ ಮೊಣಕೈಗೆ ಇಳಿಯುತ್ತಿತ್ತು. ಕ್ಯಾಮೆರಾಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. ಇದನ್ನು ನಾನು ಪೂರ್ವಜನ್ಮದ ಪುಣ್ಯ ಎಂದುಕೊಂಡಿದ್ದೆ.

ಪುಣ್ಯದ ಮೂಲ ಬೇರೆ ಇತ್ತು. ಆಯುಧಪೂಜೆಯ ದಿನ ನಮ್ಮ ಕಟ್ಟಡದ ಮರಾಠಿ ಮಂದಿ ಗಾಡಿಗೆ ಒಂದು ಚೆಂಡುಹೂವಿನ ಮಾಲೆ ಹಾಕಿ ಕೈಮುಗಿದು ಒಳಗೆ ಹೋಗುತ್ತಾರೆ. ಶಾಲಿನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಹ್ಯಾಂಡಲಿಗೆ, ದೀಪಕ್ಕೆ, ಎರಡೂ ಚಕ್ರಕ್ಕೆ ಬೊಟ್ಟು ಇಟ್ಟು, ಕೊನೆಗೆ ಹಿಂದಿನ ನಂಬರ್ ಪ್ಲೇಟಿಗೂ ಇಡುತ್ತಾಳೆ. ಮೇಲೊಂದು ಅರಿಶಿನದ್ದು, ಅದರ ಕೆಳಗೊಂದು ಕುಂಕುಮದ್ದು. "ಒಣ ಕುಂಕುಮ ಗಾಳಿಗೆ ಹಾರಿ ಹೋಗ್ತದೆ, ವರ್ಷವಿಡೀ ನಿಲ್ಬೇಕಲ್ಲ," ಎಂದು ಎರಡನ್ನೂ ಎಣ್ಣೆಯಲ್ಲಿ ಕಲಸುತ್ತಾಳೆ. ನಿಂತಿತು. ಧೂಳು ಹಿಡಿದು ಕಪ್ಪಾಗಿ, ನಂಬರಿನ ಕೊನೆಯ ಅಂಕಿಯ ಎಡಗಡೆ ಗಟ್ಟಿಯಾಗಿ ಕೂತಿತು. ಆ ಕೊನೆಯ ಅಂಕಿ ಮೂರು. ಮೂರಕ್ಕೆ ಎಡಗಡೆ ಎರಡು ಬಾಯಿ ತೆರೆದಿರುತ್ತವೆ. ಎರಡೂ ಬಾಯಿಗೆ ಒಂದೊಂದು ಬೊಟ್ಟು ಬಿದ್ದು ಮುಚ್ಚಿದರೆ ಏನಾಗುತ್ತದೆ ಎಂದು ಒಂದನೇ ತರಗತಿಯ ಮಗುವಿಗೂ ಗೊತ್ತು. ನನಗೆ ಗೊತ್ತಾಗಲಿಲ್ಲ. ದಿನವಿಡೀ ಅಂಕಿಗಳನ್ನೇ ನೋಡುವವನಿಗೆ ಮನೆಯ ಅಂಕಿಯನ್ನು ನೋಡುವ ವ್ಯವಧಾನ ಎಲ್ಲಿ?

ಸುಮಾರು ಆರು ತಿಂಗಳು ಹೀಗೇ ಕಳೆಯಿತು. ಒಂದು ದಿನ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಹಾಕಿದವರು ಡೊಂಬಿವಿಲಿಯ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ವಾಸಣ್ಣ. ಕಪ್ಪು ಸ್ಕೂಟರಿನ ಮೇಲೆ ಬೆನ್ನು ತೋರಿಸಿ ಕೂತ ಒಬ್ಬ ಮನುಷ್ಯ, ಕೆಂಪು ದೀಪವನ್ನು ದಾಟುತ್ತಿದ್ದಾನೆ, ತಲೆಯ ಮೇಲೆ ಹೆಲ್ಮೆಟ್ ಇಲ್ಲ, ನಡುನೆತ್ತಿಯ ಹಿಂದೆ ಊಟದ ತಟ್ಟೆಯಷ್ಟು ಬೋಳು. ಸೀಟಿನ ಕೆಳಗೆ ಕನ್ನಡದಲ್ಲಿ 'ಶ್ರೀ ಮಹಾಲಿಂಗೇಶ್ವರ ಪ್ರಸನ್ನ' ಎಂಬ ಸ್ಟಿಕ್ಕರು. ವಾಸಣ್ಣ ಕೆಳಗೆ ಬರೆದಿದ್ದರು: "ಇದು ಯಾರ ಗಾಡಿ? ನಮ್ಮವರದ್ದೇ ಇರಬೇಕು. ಇವರ ಚಲನ್ ಎಲ್ಲ ಒಬ್ಬ ಪಾಪದ ಹುಡುಗನ ನಂಬರಿಗೆ ಹೋಗ್ತಾ ಉಂಟು." ಊರಿನ ದೇವಸ್ಥಾನದ ಜೀರ್ಣೋದ್ಧಾರದ ಕಾಲದಲ್ಲಿ ಹಂಚಿದ ಆ ಸ್ಟಿಕ್ಕರು ನನ್ನ ಗಾಡಿಯ ಮೇಲೂ ಇತ್ತು, ಆದರೆ ಅದು ಈ ಕಡೆಯ ಅರ್ಧಕ್ಕರ್ಧ ಹೋಟೆಲುಗಳ ಗಲ್ಲಾದ ಮೇಲೂ ಇದೆ. ಫೋಟೋದಲ್ಲಿನ ನಂಬರು ಎಂಟರಲ್ಲಿ ಮುಗಿದಿತ್ತು, ನನ್ನದು ಮೂರು. ಇಷ್ಟು ಸಾಕಲ್ಲ? ಒಂದೂ ಚಲನ್ ಇಲ್ಲದವನ ಅಧಿಕಾರದಿಂದ ನಾನು ಮೊದಲಿಗನಾಗಿ ಬರೆದೆ: "ಇಂಥ ಬೋಳುತಲೆಯವರಿಂದಲೇ ಕನ್ನಡಿಗರ ಮಾನ ಹೋಗುವುದು. ಹಿಡಿದು ಪೊಲೀಸರಿಗೆ ಒಪ್ಪಿಸಬೇಕು." ಹಲವರು ಹೆಬ್ಬೆರಳು ಎತ್ತಿ ಮೆಚ್ಚಿದರು. ಆ ಸಂಜೆ ನನಗೆ ಊಟ ಸ್ವಲ್ಪ ಹೆಚ್ಚೇ ಸೇರಿತು.

ಊಟ ಬಡಿಸುತ್ತಿದ್ದ ಶಾಲಿನಿಗೆ ಫೋಟೋ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, ಸೌಟು ಕೆಳಗಿಟ್ಟಳು.

"ಇದು ನೀವೇ ಅಲ್ವಾ?"

"ನಿನಗೆ ತಲೆ ಸರಿ ಉಂಟಾ? ಆ ಬೋಳು ನೋಡು."

"ನೋಡಿಯೇ ಹೇಳಿದ್ದು. ಇಷ್ಟು ವರ್ಷ ಸ್ಕೂಟರಿನ ಹಿಂದೆ ಕೂತದ್ದು ನಾನು, ನೀವಲ್ಲ. ನಿಮ್ಮ ಮಂಡೆ ಹಿಂದಿನಿಂದ ಹೇಗೆ ಉಂಟು ಅಂತ ನನಗಿಂತ ಹೆಚ್ಚು ಯಾರಿಗೆ ಗೊತ್ತು ಮಾರಾಯ್ರೆ? ಮತ್ತೆ ಆ ಚೀಲ ನೋಡಿ. ನಮ್ಮ ಮೀನಿನ ಚೀಲ."

ಹ್ಯಾಂಡಲಿಗೆ ನೇತಾಡುತ್ತಿದ್ದುದು ಯಾರದೋ ಮದುವೆಯಲ್ಲಿ ತಾಂಬೂಲ ಹಾಕಿ ಕೊಟ್ಟಿದ್ದ ಹಸಿರು ಚೀಲವೇ. ಶಾಲಿನಿ ಅದನ್ನು ಮೀನಿಗೆಂದು ಪ್ರತ್ಯೇಕವಾಗಿ ಬಾಲ್ಕನಿಯಲ್ಲಿ ತೂಗುಹಾಕುತ್ತಾಳೆ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎಂದು ಹಿರಿಯರು ಹೇಳಿದ್ದನ್ನು ಎಷ್ಟೋ ಜನರಿಗೆ ನಾನೇ ಹೇಳಿದ್ದೆ. ಎದ್ದು ಕನ್ನಡಿಯ ಮುಂದೆ ನಿಂತು, ಇನ್ನೊಂದು ಕನ್ನಡಿಯನ್ನು ತಲೆಯ ಹಿಂದೆ ಹಿಡಿದು ನೋಡಿದೆ. ಊಟದ ತಟ್ಟೆ ಅಲ್ಲಿತ್ತು. ಕೆಳಗಿಳಿದು ನಂಬರ್ ಪ್ಲೇಟು ನೋಡಿದೆ. ಎಂಟೂ ಅಲ್ಲೇ ಇತ್ತು. ಉಗುರಿನಿಂದ ಕೆರೆಯಲು ಹೋದರೆ ಹಿಂದೆಯೇ ಬಂದ ಶಾಲಿನಿ ಕೈ ಹಿಡಿದಳು. "ಕೆರೀಬೇಡಿ. ಆ ಹುಡುಗನಿಗೆ ಸಾಕ್ಷಿ ಅಂತ ಇರುದು ಅದೊಂದೇ."

ವಾಸಣ್ಣನಿಗೆ ಫೋನಿನಲ್ಲಿ ನಿಜ ಹೇಳಿ, ಮರುದಿನವೇ ಡೊಂಬಿವಿಲಿಗೆ ಹೋದೆ. ವಾಸಣ್ಣ ಗಲ್ಲಾದಿಂದ ಎದ್ದು, ಮೂಲೆಯ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದವನನ್ನು ತೋರಿಸಿ, "ಇವನೇ ಸುನಿಲ್. ಬೈಯುದಾದರೆ ನಿಮ್ಮನ್ನೇ ಬೈಯ್ಲಿ, ನಾನು ನಡುವೆ ಬರುದಿಲ್ಲ," ಎಂದರು. ಸುನಿಲ್ ಮೂವತ್ತರ ಆಚೀಚಿನ ಮರಾಠಿ ಹುಡುಗ, ಶಾಲೆಯ ವ್ಯಾನು ಓಡಿಸುವವನು. ಅವನ ಸ್ಕೂಟರೂ ನನ್ನದರಂತೆ ಕಪ್ಪು, ನಮ್ಮ ನವಿ ಮುಂಬಯಿಯ ಯಾರಿಂದಲೋ ಹಳೆಯದನ್ನು ಕೊಂಡದ್ದು, ಕೊನೆಯ ಅಂಕಿ ನಿಜವಾದ ಎಂಟು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ, ಫೋನು ತೆಗೆದು ನನ್ನ ಬೆನ್ನಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿದ. ಯಾವ ಮಕ್ಕಳೂ ತಂದೆಯ ಫೋಟೋಗಳನ್ನು ಇಷ್ಟು ಜೋಪಾನವಾಗಿ ಇಟ್ಟಿರಲಾರರು. ಎಲ್ಲದರಲ್ಲೂ ಬೋಳು ಸ್ಪಷ್ಟವಾಗಿತ್ತು. ತನ್ನ ಗಾಡಿ ಅಲ್ಲ ಎಂದು ಅವನು ದೂರು ಹಾಕಿದ್ದ. ಫೋಟೋದಲ್ಲಿ ನಂಬರು ಸರಿಯಾಗಿಯೇ ಕಾಣುತ್ತಿದೆ ಎಂಬ ಉತ್ತರ ಬಂದು ವಿಷಯ ಕೋರ್ಟಿಗೆ ಹೋಗಿತ್ತು. ಅಷ್ಟರಲ್ಲಿ ವ್ಯಾನಿನ ಗುತ್ತಿಗೆದಾರ, ಚಾಲಕನ ಹೆಸರಿನ ಯಾವ ಗಾಡಿಯ ಮೇಲೂ ಬಾಕಿ ಇರಬಾರದು ಎಂದು ಅವನನ್ನು ಮನೆಗೆ ಕಳಿಸಿದ್ದ. ಜೂನಿನಲ್ಲಿ ಶಾಲೆ ತೆರೆಯುವ ಮೊದಲು ದಾಖಲೆ ಶುದ್ಧವಾಗಿ ತೋರಿಸಿದರೆ ವ್ಯಾನು ಅವನದು, ಇಲ್ಲದಿದ್ದರೆ ಬೇರೆಯವನದು.

ಒಂದು ಫೋಟೋದ ಹತ್ತಿರ ಅವನ ಬೆರಳು ನಿಂತಿತು. ನಾನು ಮೀನಿನ ಚೀಲ ತೂಗುಹಾಕಿಕೊಂಡು ಘಣಸೋಲಿಯ ಹತ್ತಿರ ಸಿಗ್ನಲ್ ದಾಟಿದ್ದು. ಭಾನುವಾರದ ಬೆಳಿಗ್ಗೆ.

"ಕಾಕಾ, ಆ ಬೆಳಿಗ್ಗೆ ನನ್ನ ಹೆತ್ತ ಆಯಿಗೆ ಅಗ್ನಿ ಕೊಟ್ಟೆ. ಇದೇ ಹೊತ್ತು. ಕೈಯಲ್ಲಿ ಬೆಂಕಿಯ ಮಡಕೆ ಇತ್ತು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಸ್ನಾನ ಮಾಡಿ ಮನೆಗೆ ಬಂದು ಫೋನು ನೋಡಿದರೆ, ನಾನು ಸಿಗ್ನಲ್ ತಪ್ಪಿಸಿದ್ದೇನೆ ಅಂತ ಬಂದಿತ್ತು."

ನಾನು ಚಹಾದ ಲೋಟ ಎತ್ತಿದವನು ಹಾಗೇ ಕೆಳಗಿಟ್ಟೆ. ನನಗೆ ಬರುವ ಮರಾಠಿಯಲ್ಲಿ, ಕೋರ್ಟಿಗೆ ನಾನೇ ಬಂದು ತಪ್ಪು ನನ್ನದೆಂದು ಹೇಳುತ್ತೇನೆ ಎಂದೆ. ಅವನು ತಲೆಯಾಡಿಸಿ, ಮೊದಲು ಕೋರ್ಟು ಯಾವುದೆಂದು ಹುಡುಕಬೇಕು ಎಂದ. ಮನೆಯ ಹತ್ತಿರದ್ದೆಂದು ಅವನು ಕಲ್ಯಾಣದ ಕೋರ್ಟಿಗೆ ಹೋಗಿದ್ದ. ಅಲ್ಲಿಂದ ಠಾಣೆ ಪಟ್ಟಣದ ಕೋರ್ಟಿಗೆ ಹೋಗಿದ್ದ. ಠಾಣೆಯಲ್ಲಿ ಒಬ್ಬರು, ತಪ್ಪು ಎಲ್ಲಿ ನಡೆದಿದೆಯೋ ಅಲ್ಲಿನ ಕೋರ್ಟಿನಲ್ಲಿ ಕೇಳು ಎಂದಿದ್ದರಂತೆ. "ತಪ್ಪು ಎಲ್ಲಿ ನಡೆದಿದೆ ಅಂತ ನನಗೆ ಗೊತ್ತಿದ್ದರೆ ತಾನೆ ಕಾಕಾ?" ಎಂದು ಅವನು ಕೇಳಿದ. ಚಲನಿನಲ್ಲಿ ಜಾಗದ ಹೆಸರು ಮೊಟಕಾಗಿ ಬರೆದಿತ್ತು, ಅವನಿಗೆ ಆ ರಸ್ತೆಗಳ ಪರಿಚಯವಿರಲಿಲ್ಲ. ನನಗಿತ್ತು. ನಾನು ಎಲ್ಲೆಲ್ಲಿ ತಪ್ಪು ಮಾಡಿದ್ದೇನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಎಲ್ಲವೂ ನವಿ ಮುಂಬಯಿಯವೇ. ಬೇಲಾಪುರದ ಕೋರ್ಟು ಎಂದು ಹೇಳಿ ಅಪರಾಧಿಯಾಗಿ ನನ್ನ ಮೊದಲ ಉಪಕಾರ ಮಾಡಿದೆ.

ಅಲ್ಲಿ ಲೋಕ ಅದಾಲತ್ ಇದ್ದ ದಿನ ನಾವಿಬ್ಬರೂ ನನ್ನ ಸ್ಕೂಟರಿನಲ್ಲೇ ಹೋದೆವು, ಸಾಕ್ಷಿಯನ್ನು ಬಿಟ್ಟು ಹೋಗುವ ಹಾಗಿಲ್ಲವಲ್ಲ. ಸುನಿಲ್ ಹಿಂದೆ ಕೂತ, ಇಬ್ಬರ ತಲೆಯ ಮೇಲೂ ಹೆಲ್ಮೆಟ್. ಅವನು ಅಷ್ಟು ದೂರ ಏನು ನೋಡುತ್ತ ಕೂತಿದ್ದನೋ ಎಂದು ಯೋಚಿಸಿದರೆ ಈಗಲೂ ನನ್ನ ಬೆನ್ನು ಬೆವರುತ್ತದೆ. ಕೋರ್ಟಿನ ಅಂಗಳದಲ್ಲಿ ಮದುವೆಯ ಎರಡನೇ ಪಂಕ್ತಿಗೆ ಕಾಯುವ ಹಾಗೆ ಜನ. ಶಾಲಿನಿ ಕಲಿಸಿಕೊಟ್ಟಂತೆ ನಾನು ಮನಸ್ಸಿನಲ್ಲೇ ಭಾಷಣ ಸಿದ್ಧಪಡಿಸಿದ್ದೆ: ಮಾನ್ಯರೇ, ನಮ್ಮಲ್ಲಿ ಆಯುಧಪೂಜೆಗೆ ಹೀಗೊಂದು ಪದ್ಧತಿ ಇದೆ, ದಯವಿಟ್ಟು ಕೆಳಗೆ ಬಂದು ಬೊಟ್ಟನ್ನು ನೋಡಬೇಕು. ನಮ್ಮ ಸರದಿ ಬಂದಾಗ ಮೇಜಿನ ಹಿಂದಿದ್ದ ಗುಮಾಸ್ತರು ತಲೆ ಎತ್ತದೆ ಪೂರ್ತಿ ಕೇಳಿದರು. ಒಳ್ಳೆಯ ಮನುಷ್ಯ, ನಗಲಿಲ್ಲ. ಬೊಟ್ಟನ್ನು ನೋಡಲು ಇವತ್ತು ಇಲ್ಲಿ ಯಾರೂ ಕೂತಿಲ್ಲ, ಇಲ್ಲಿ ನಡೆಯುವುದು ರಾಜಿ ಮಾತ್ರ ಎಂದರು. ತಪ್ಪು ತನ್ನದಲ್ಲ ಎಂದು ವಾದಿಸಬೇಕಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು, ತಾರೀಖು ಸಿಗುತ್ತದೆ, ಆಮೇಲೆ ಇನ್ನೊಂದು ತಾರೀಖು. ಒಪ್ಪಿಕೊಂಡು ಕಟ್ಟಿದರೆ ಇವತ್ತೇ ಎಲ್ಲ ಶುದ್ಧ.

"ಜೂನಿನ ಒಳಗೆ ತಾರೀಖು ಮುಗಿಯುತ್ತದಾ ಸಾಹೇಬ?" ಎಂದು ಸುನಿಲ್ ಕೇಳಿದ.

ಗುಮಾಸ್ತರು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು. ಒಪ್ಪಿಗೆಯ ಕಾಗದಗಳನ್ನು ಅವನ ಮುಂದೆ ಸರಿಸಿದರು.

ಸುನಿಲ್ ನನ್ನ ಕಡೆ ತಿರುಗಿ, "ದುಡ್ಡು ನೀವು ಕಟ್ಟಿ ಕಾಕಾ, ಸಹಿ ನಾನು ಹಾಕುತ್ತೇನೆ," ಎಂದ. ನಾನು ಬೇಡವೆಂದೆ, ಕಾದು ನೋಡೋಣ ಎಂದೆ, ವಕೀಲರನ್ನು ಹಿಡಿಯೋಣ ಎಂದೆ. ಹೊಟ್ಟೆ ತುಂಬಿದವನಿಗೆ ನ್ಯಾಯಕ್ಕಾಗಿ ಕಾಯುವುದು ಸುಲಭ. ಅವನು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಒಂದೊಂದು ಚಲನಿಗೂ ಒಪ್ಪಿಗೆಯ ಸಹಿ ಹಾಕುತ್ತ ಹೋದ. ಭಾನುವಾರದ್ದು ಬಂದಾಗ ಪೆನ್ನು ಎತ್ತಿ ಹಿಡಿದು, "ಇದೊಂದನ್ನು ಬಿಡಬಹುದಾ?" ಎಂದು ಕೇಳಿದ.

"ಬಿಡಬಹುದು," ಎಂದರು ಗುಮಾಸ್ತರು. "ಆದರೆ ಬಾಕಿ ಒಂದು ಅಂತ ತೋರಿಸ್ತದೆ."

ಅವನ ಹಿಂದೆ ನಿಂತವರು ಬೇಗ ಬೇಗ ಎಂದು ಗೊಣಗಿದರು. ಸುನಿಲ್ ಸಹಿ ಹಾಕಿದ. ಪೆನ್ನನ್ನು ಮೇಜಿನ ಮೇಲಿಟ್ಟು, ಯಾರನ್ನೂ ನೋಡದೆ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಗುಮಾಸ್ತರ ಮೇಲೆಯೇ ಬೀಳುವುದು ಈ ದೇಶದ ಸಂಪ್ರದಾಯ. ತಪ್ಪು ಮಾಡಿದವನು ಇಲ್ಲೇ ಮುಂದೆ ನಿಂತಿದ್ದೇನೆ, ನನ್ನ ಹೆಸರಿನಲ್ಲೂ ಏನಾದರೂ ಬರೆದುಕೊಳ್ಳಿ ಎಂದು ಹಟ ಹಿಡಿದೆ. ಅವರು ನನ್ನ ಗಾಡಿಯ ನಂಬರು ಕೇಳಿ, ಕಂಪ್ಯೂಟರಿನಲ್ಲಿ ಹಾಕಿ ನೋಡಿ, "ತುಮ್ಚ್ಯಾ ನಾವಾವರ್ ಕಾಹೀಚ್ ನಾಹೀ, ಸಾಹೇಬ್," ಎಂದರು. ನಿಮ್ಮ ಹೆಸರಿನಲ್ಲಿ ಏನೂ ಇಲ್ಲ. ಆಮೇಲೆ ಮೆಚ್ಚುಗೆಯಿಂದ, ಇಷ್ಟು ಶುದ್ಧವಾದ ದಾಖಲೆ ಈ ಊರಿನಲ್ಲಿ ಅಪರೂಪ ಎಂದೂ ಸೇರಿಸಿದರು. ಇದೇ ಮಾತಿಗಾಗಿ ಎಷ್ಟು ತಿಂಗಳು ಲಿಫ್ಟಿನಲ್ಲಿ ಕಾದಿದ್ದೆನೋ.

ಸುನಿಲನಿಗೆ ವ್ಯಾನು ಸಿಕ್ಕಿತು ಎಂದು ವಾಸಣ್ಣ ಹೇಳಿದರು. ಶಾಲಿನಿ ಎಣ್ಣೆ ಹಚ್ಚಿ ಬೊಟ್ಟನ್ನು ಒರೆಸಿ ತೆಗೆದಳು, ಎಂಟು ಮತ್ತೆ ಮೂರಾಯಿತು. ನಾನೀಗ ಗೇಟಿನ ಒಳಗಿನಿಂದಲೇ ಹೆಲ್ಮೆಟ್ ಹಾಕಿಕೊಂಡು ಹೊರಡುತ್ತೇನೆ, ಲಿಫ್ಟಿನಲ್ಲಿ ಬಾಯಿ ಬಿಡುವುದಿಲ್ಲ. ಆದರೂ ಕೆಲವೊಮ್ಮೆ ಆ ಭಾನುವಾರ ನೆನಪಾಗುತ್ತದೆ. ಘಣಸೋಲಿಯ ಹಳೆಯ ಊರಿನಲ್ಲಿ ಮೀನು ಮಾರುವ ಹೆಂಗಸರು ಹೊತ್ತೇರುವ ಮೊದಲೇ ಬುಟ್ಟಿ ಖಾಲಿ ಮಾಡಿ ಎದ್ದುಬಿಡುತ್ತಾರೆ, ನನ್ನ ಅವಸರ ಅದಕ್ಕೆ. ಆ ಹೊತ್ತಿನಲ್ಲಿ ನಾನೆಲ್ಲಿದ್ದೆ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ, ಇನ್ನು ಕೇಳುವುದೂ ಇಲ್ಲ. ಸರಕಾರದ ದಾಖಲೆಯ ಪ್ರಕಾರ ಆ ಬೆಳಿಗ್ಗೆ ಡೊಂಬಿವಿಲಿಯ ಒಬ್ಬ ಮಗ ತನ್ನ ತಾಯಿಯ ಚಿತೆಯ ಹತ್ತಿರ ಇರಲಿಲ್ಲ. ಕೆಂಪು ದೀಪ ದಾಟಿ ಬಂಗುಡೆ ತರಲು ಹೋಗಿದ್ದ. ಬಂಗುಡೆ ತಿಂದದ್ದು ಮಾತ್ರ ನಾನು. ತಾಜಾ ಇತ್ತು, ಶಾಲಿನಿ ಪುಳಿಮುಂಚಿ ಮಾಡಿದ್ದಳು, ಎರಡು ಸಲ ಹಾಕಿಸಿಕೊಂಡಿದ್ದೆ.