ಬೇಕಾದ ದಿನವೇ ಹೋದ ನೋವು

ಮಂಚದ ಕೆಳಗೆ ಸೇರಿಕೊಂಡಿದ್ದ ಚಪ್ಪಲಿಯನ್ನು ಎಳೆದುಕೊಳ್ಳಲು ಸಡಯಪ್ಪನ್ ಬಗ್ಗಿದ್ದೇ ತಪ್ಪಾಯಿತು. ಹಿಂದಿನಿಂದ ಅವನ ಸೊಂಟಕ್ಕೆ ಧಡ್ ಧಡ್ ಧಡ್ ಎಂದು ಮೂರು ಒದೆ ಬಿದ್ದವು. ತಿರುಗಿ ನೋಡಿದರೆ, ಹೋದ ವಾರವಷ್ಟೇ ಎದುರುಮನೆಗೆ ಬಂದಿಳಿದಿದ್ದ ಪೊನ್ನಾತ್ತಾ ಮುದುಕಿ ಸೀರೆ ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದಾಳೆ. ಪಕ್ಕದಲ್ಲಿ, ಅವಳನ್ನು ಕರೆತಂದ ಹೆಂಡತಿ ವಡಿವು.

“ನಾನು ಕಾಲು ಮುಂದಾಗಿ ಹುಟ್ಟಿದೋಳು ಕಣಪ್ಪಾ. ನಾನು ಒದ್ರೆ ಎಂಥಾ ಉಳುಕೂ ನಿಲ್ಲಲ್ಲ,” ಎಂದಳು ಮುದುಕಿ. “ಮೊದ್ಲೇ ಹೇಳಿದ್ರೆ ನೀನು ಮೈ ಬಿಗಿ ಹಿಡೀತಿದ್ದೆ. ಈಗ ಎದ್ದು ನಿಲ್ಲು, ನೋಡಾಣ.”

ಸಡಯಪ್ಪನ್ ಎದ್ದ. ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ. ಆರು ವರ್ಷದ ಸೊಂಟನೋವು ಗುರುತೇ ಇಲ್ಲದ ಹಾಗೆ ಹೋಗಿತ್ತು. ಬೇರೆ ಯಾವ ದಿನವಾಗಿದ್ದರೂ ಮುದುಕಿಯ ಕಾಲಿಗೆ ಬೀಳುತ್ತಿದ್ದ. ಇವತ್ತು ಗೋಡೆಗೊರಗಿ, ಮನೆ ಹಾಳು ಮಾಡಿದಿರಲ್ಲೇ ಎಂದು ತಲೆ ಚಚ್ಚಿಕೊಂಡ.

ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಇಸ್ತ್ರಿ ಮೇಜಿನ ಮುಂದೆ ಅವನು ಹದಿನಾಲ್ಕು ವರ್ಷದಿಂದ ನಿಂತೇ ಇದ್ದ. ಈಗ ಬನಿಯನ್‌ಗಳಲ್ಲಿ ತೂತು, ಕಲೆ ಹುಡುಕುವ ಕಡೆ ಒಂದು ಸ್ಟೂಲು ಖಾಲಿಯಾಗಿತ್ತು. ಕೂತು ಮಾಡುವ ಕೆಲಸ, ತಲೆಯ ಮೇಲೆ ಫ್ಯಾನು. ನಿಂತು ದುಡಿಯುವವರಲ್ಲಿ ಯಾರಿಗೆ ನೋವು ಹೆಚ್ಚೋ ಅವರಿಗೆ ಆ ಜಾಗ ಎಂದು ಮ್ಯಾನೇಜರ್ ಕುಪ್ಪುರಾಜ್ ಹೇಳಿದ್ದ. ಅದನ್ನು ನೋಡಿ ಹೇಳಲು ಕೊಯಮತ್ತೂರಿನಿಂದ ಡಾಕ್ಟರಮ್ಮ ಬರುತ್ತಿದ್ದುದು ಇವತ್ತೇ.

ಹೋದ ನೋವನ್ನು ಹೇಗಾದರೂ ವಾಪಸು ತರಬೇಕಿತ್ತು. ಪಕ್ಕದ ಮನೆಯ ಗ್ಯಾಸ್ ಸಿಲಿಂಡರನ್ನು ಯಾರೂ ಕೇಳದಿದ್ದರೂ ಎರಡನೇ ಮಹಡಿಗೆ ಹೊತ್ತ. ಹೂ ಮಾರುವವಳ ಬುಟ್ಟಿಯನ್ನು ಬಸ್‌ಸ್ಟ್ಯಾಂಡಿನವರೆಗೆ ಹೊತ್ತ. ಸೊಂಟ ಮದುಮಗನ ಸೊಂಟದಂತೆ ಗಟ್ಟಿಯಾಗಿತ್ತು. ಟೀ ಅಂಗಡಿಯಲ್ಲಿ ಗೋಳು ಹೇಳಿಕೊಂಡರೆ, ಟೀ ಎತ್ತಿ ಸುರಿದೂ ಸುರಿದೂ ಮೇಲೇಳದ ತನ್ನ ಭುಜವನ್ನು ಅಂಗಡಿಯವನೇ ತೋರಿಸಿದ. ಬೆಂಚಿನಲ್ಲಿದ್ದ ಬಸ್ ಡ್ರೈವರ್ ಮಂಡಿ ತೋರಿಸಿದ, ಕ್ಷೌರದವನು ಕುತ್ತಿಗೆ ತೋರಿಸಿದ.

“ಬೇಕಿದ್ರೆ ನಂದೇ ತಗೊಂಡ್ಹೋಗಿ ಅಣ್ಣಾ,” ಎಂದ ಕ್ಷೌರದವನು. “ವಾಪಸ್ ಕೊಡೋದೇನೂ ಬೇಡ.”

ಕಂಪನಿಯಲ್ಲಿ ಎಲ್ಲರಿಗೂ ಒಂದೊಂದು ಕಾಗದ, ಅದರಲ್ಲಿ ಒಬ್ಬ ಮನುಷ್ಯನ ಚಿತ್ರ. ನೋವಿರುವ ಕಡೆ ಕೆಂಪು ಪೆನ್ಸಿಲಿನಿಂದ ಬಳಿಯಬೇಕು. ಸಾಲಿನಲ್ಲಿ ನಿಂತ ಸಡಯಪ್ಪನ್ ಅಕ್ಕಪಕ್ಕ ಇಣುಕಿ ದಂಗಾದ. ಟೈಲರುಗಳು ಕುತ್ತಿಗೆ ಬಳಿದಿದ್ದರು, ಬಟ್ಟೆ ಕತ್ತರಿಸುವವರು ಮಣಿಕಟ್ಟು ಬಳಿದಿದ್ದರು, ಗೇಟಿನ ಕಾವಲಿನವನು ಎರಡೂ ಕಾಲು ಬಳಿದಿದ್ದ. ಮ್ಯಾನೇಜರೇ ಬೆನ್ನು ಹಿಡಿದುಕೊಂಡು ಪೆನ್ಸಿಲಿಗೆ ಕಾಯುತ್ತಿದ್ದ.

“ಮಗ್ಗದೋರು, ಇಟ್ಟಿಗೆಗೂಡಿನೋರು, ಬ್ಯಾಂಕಿನೋರು, ಎಲ್ಲರನ್ನೂ ನೋಡ್ಕೊಂಡು ಬಂದೆ,” ಎಂದರು ಡಾಕ್ಟರಮ್ಮ. “ಎಲ್ಲಿ ಹೋದ್ರೂ ಇದೇ ಕತೆ.”

ಇಷ್ಟು ಜನರ ನಡುವೆ ತನ್ನದು ಎದ್ದು ಕಾಣಬೇಡವೇ? ಸಡಯಪ್ಪನ್ ತಲೆಯಿಂದ ಹಿಮ್ಮಡಿಯವರೆಗೆ ಬಳಿದ. ಡಾಕ್ಟರಮ್ಮನ ಕೈ ತಾಕುವ ಮೊದಲೇ ಅಯ್ಯಯ್ಯೋ ಎಂದು ನರಳಿದ.

“ನಿಂತಾಗ ನೋವಾ?”

“ಜೀವ ಹೋಗುತ್ತೆ ಅಮ್ಮಾ.”

“ಕೂತಾಗ?”

ಇಲ್ಲ ಎಂದರೆ ಒಂದು ನೋವು ಕಡಿಮೆಯಾದೀತು ಎಂದು ಅವನಿಗೆ ಹೆದರಿಕೆಯಾಯಿತು. “ಕೂತ್ರೆ ಅದಕ್ಕಿಂತ ಜಾಸ್ತಿ,” ಎಂದುಬಿಟ್ಟ.

ಅವನ ಹಿಂದಿದ್ದ ರಾಸಾತ್ತಿ, ಪಕ್ಕದ ಇಸ್ತ್ರಿ ಮೇಜಿನವಳು, ಬರೀ ಎರಡು ಹಿಮ್ಮಡಿ ಬಳಿದಿದ್ದಳು. ಕೂತರೆ ಏನೂ ಇಲ್ಲ ಎಂದಳು. ಪಾಪ, ಬದುಕೋದು ಗೊತ್ತಿಲ್ಲ ಎಂದು ಸಡಯಪ್ಪನ್ ಮರುಗಿದ.

ಊಟವಾದ ಮೇಲೆ ಡಾಕ್ಟರಮ್ಮ ಹೊರಟುಹೋದರು. ಮ್ಯಾನೇಜರ್ ಪಟ್ಟಿ ಓದಿದ. ಇನ್ನೂರ ಆರು ಜನ, ನೋವಿರುವವರು ಇನ್ನೂರ ಆರು. ಎಲ್ಲರಿಗಿಂತ ಹೆಚ್ಚು ನೋವು, ಸಡಯಪ್ಪನ್. ಚಪ್ಪಾಳೆ ಬಿತ್ತು. ಅವನು ಹೋಗಿ ಸ್ಟೂಲಿನ ಧೂಳು ಒರೆಸತೊಡಗಿದ.

“ಸ್ಟೂಲು ರಾಸಾತ್ತಿಗೆ,” ಎಂದ ಮ್ಯಾನೇಜರ್.

ಸಡಯಪ್ಪನ ಕೈಯಿಂದ ಬಟ್ಟೆ ಜಾರಿತು. ಮ್ಯಾನೇಜರ್ ಅವನ ಬಗ್ಗೆ ಡಾಕ್ಟರಮ್ಮ ಬರೆದಿಟ್ಟಿದ್ದ ಚೀಟಿ ಓದಿದ. ಇವರನ್ನು ಒಂದೇ ಕಡೆ ನಿಲ್ಲಿಸಬಾರದು, ಕೂರಿಸಲಂತೂ ಬಾರದು, ಓಡಾಡಿಕೊಂಡಿರುವ ಕೆಲಸ ಕೊಡಿ.

“ಓಡಾಡೋ ಕೆಲಸ ನಮ್ಮಲ್ಲಿರೋದು ಒಂದೇ ಕಣಯ್ಯಾ. ಗೋಡೌನಿಂದ ಮೂರನೇ ಮಹಡಿಗೆ ಬಂಡಲ್ ಹೊರೋದು. ನಾಳೆಯಿಂದ ಅಲ್ಲಿಗೆ ಬಾ.”

ಸಡಯಪ್ಪನ್ ಎಲ್ಲರೆದುರೇ ಮ್ಯಾನೇಜರನ ಕೈ ಹಿಡಿದುಕೊಂಡ.

“ಸಾರ್, ದೇವರಾಣೆಗೂ ನಂಗೆ ಒಂದು ಚೂರೂ ನೋವಿಲ್ಲ. ಎಲ್ಲಾ ಸುಳ್ಳು ಹೇಳ್ದೆ.”

ಕುಪ್ಪುರಾಜನ ಮುಖ ಅರಳಿತು.

“ಮೊದ್ಲೇ ಹೇಳಬಾರದಾ? ಹಾಗಾದ್ರೆ ಒಂದೊಂದು ಸಲಕ್ಕೆ ಎರಡೆರಡು ಬಂಡಲ್ ಹೊತ್ಕೋ.”