ಸೋಲುವುದಕ್ಕೊಂದು ಸ್ಪ್ರಿಂಗು

ಗುಮಾಸ್ತರ ಮೇಜು ಶೌಚಾಲಯದ ಬಾಗಿಲಿಗೆ ಅಂಟಿಕೊಂಡಂತೆ ಇತ್ತು. ಹೊರಬಂದವರೆಲ್ಲ ಒದ್ದೆ ಕೈಯಲ್ಲೇ ಅವರ ಬೆನ್ನು ತಟ್ಟಿ ಕುಶಲ ವಿಚಾರಿಸುತ್ತಿದ್ದರು. ಕಿಟಕಿ ಪಕ್ಕದ ಮೇಜು ಖಾಲಿ ಬಿದ್ದಿತ್ತು. ಅದನ್ನು ಕೊಡಬೇಕಾದವರು ಮ್ಯಾನೇಜರು. "ರೇಸ್ ಮುಗೀಲಿ, ನೋಡೋಣ" ಎಂದಿದ್ದರು ಅವರು.

ರೇಸ್ ಎಂದರೆ ರಿಮೋಟ್ ಕಾರಿನ ಓಟ. ಹಾಸಿಗೆ ಮಾಡುವ ಕಂಪನಿಗೂ ಆಟದ ಕಾರಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಹುಚ್ಚು ಯಜಮಾನರದು, ಸಂಬಳ ಉಳಿದವರದು. ಕೊನೆಯ ಸುತ್ತಿಗೆ ಉಳಿದವರು ಮ್ಯಾನೇಜರು ಮತ್ತು ಗುಮಾಸ್ತರು. ಮ್ಯಾನೇಜರನ್ನು ಸೋಲಿಸಿದ ಮೇಲೆ ಯಾವ ಮುಖ ಹೊತ್ತು ಕಿಟಕಿ ಕೇಳುವುದು? ಬೇಕೆಂದೇ ಸೋತದ್ದು ಯಾರಿಗೂ ಗೊತ್ತಾಗದಂತೆ ಸೋಲಬೇಕೆಂದು ಗುಮಾಸ್ತರು ನಿಶ್ಚಯಿಸಿದರು.

ಓಟದ ದಿನ ಬೆಳಿಗ್ಗೆ ಎದ್ದು ಕಾರಿನ ಸ್ಪ್ರಿಂಗುಗಳ ವಿಷಯ ಓದಿಕೊಂಡರು. ಸ್ಪ್ರಿಂಗನ್ನು ಒಂದಂಗುಲ ಅದುಮಲು ಎಷ್ಟು ಭಾರ ಬೇಕೋ ಅದೇ ಅದರ ನಂಬರು. ನಂಬರು ದೊಡ್ಡದಾದಷ್ಟೂ ಸ್ಪ್ರಿಂಗು ಗಟ್ಟಿ. ನುಣುಪು ನೆಲದಲ್ಲಿ ಮೆತ್ತನೆಯ ಸ್ಪ್ರಿಂಗು ಹಾಕಿದರೆ ಕಾರು ತಿರುವಿನಲ್ಲಿ ಓಲಾಡಿ ಹಿಂದೆ ಬೀಳುತ್ತದೆ. ಓಟವಿದ್ದದ್ದು ಆಫೀಸಿನ ನುಣುಪು ನೆಲದ ಹಾಲ್‌ನಲ್ಲಿ. ಗುಮಾಸ್ತರು ಅತಿ ಚಿಕ್ಕ ನಂಬರಿನ ಸ್ಪ್ರಿಂಗು ಹಾಕಿಕೊಂಡು ನೆಮ್ಮದಿಯಾಗಿ ಹೊರಟರು.

ಊಟದ ಹೊತ್ತಿಗೆ ಯಜಮಾನರು ಬಂದವರೇ, "ಹಾಲ್ ಬೇಡ, ಹಿಂದಿನ ಅಂಗಳದಲ್ಲಿ ಓಡಿಸಿ" ಎಂದರು. ಅಂಗಳದ ತುಂಬ ಗುಂಡಿ, ಜಲ್ಲಿಕಲ್ಲು. ಅಂಥ ಕಡೆ ಮೆತ್ತನೆಯ ಸ್ಪ್ರಿಂಗೇ ಗೆಲ್ಲುವುದು. ಗಟ್ಟಿಯದು ಕುಪ್ಪಳಿಸಿ ಮಗುಚುತ್ತದೆ. ಗುಮಾಸ್ತರು ಬೇರೆ ಸ್ಪ್ರಿಂಗು ಹುಡುಕಿಕೊಂಡು ಓಡಿದರು. ಹಿಂದಿನ ಸುತ್ತಿನಲ್ಲೇ ಸೋತಿದ್ದ ಟೈಪಿಸ್ಟ್ ಅಕ್ಕನ ಬಳಿ ಬಿಡಿ ಸ್ಪ್ರಿಂಗುಗಳ ಡಬ್ಬಿಯಿತ್ತು. ಅಕ್ಕನಿಗೆ ಕಿವಿ ಸ್ವಲ್ಪ ಮಂದ.

"ಅಕ್ಕಾ, ಗಟ್ಟಿ ಬೇಕಿತ್ತು" ಎಂದು ಗುಮಾಸ್ತರು ಪಿಸುಗುಟ್ಟಿದರು.

"ಏನಂದ್ರಿ?"

"ಗಟ್ಟಿ, ಗಟ್ಟಿ."

"ನಾನೂ ಅದೇ ಹೇಳ್ತಿರೋದು, ಗಟ್ಟಿಯಾಗಿ ಹೇಳಿ."

"ಗಟ್ಟಿ ಸ್ಪ್ರಿಂಗ್ ಕೊಡಿ" ಎಂದು ಗುಮಾಸ್ತರು ಕೂಗಿದ್ದು ಇಡೀ ಮಹಡಿಗೆ ಕೇಳಿಸಿತು. ಸಲಹೆ ಕೊಡಲು ಎಲ್ಲರೂ ಎದ್ದು ಬಂದರು.

"ಗಟ್ಟಿ ಸ್ಪ್ರಿಂಗ್ ಸೊಂಟಕ್ಕೆ ಒಳ್ಳೇದು ಸಾರ್" ಎಂದ, ಹಾಸಿಗೆ ಮಾರಿ ಮಾರಿ ಅದೇ ಬಾಯಿಪಾಠವಾಗಿದ್ದ ಸೇಲ್ಸಿನ ದಪ್ಪಣ್ಣ.

"ಮಲಗೋದು ನಾನಲ್ಲಪ್ಪ, ಓಡೋದು ಕಾರು."

"ಹಾಗಾದ್ರೆ ಕೆಂಪು ಹಾಕಿ. ಕೆಂಪು ಅಂದ್ರೆ ಗಟ್ಟಿ. ನಾನು ಗ್ಯಾರಂಟಿ."

ಡಬ್ಬಿಯಲ್ಲಿ ಯಾವುದಕ್ಕೂ ನಂಬರಿರಲಿಲ್ಲ. ಕ್ಯಾಷಿಯರ್ ಒಂದನ್ನು ಅದುಮಿ ನೋಡಲು ಹೋದಾಗ ಅದು ಚಿಮ್ಮಿ ಯಜಮಾನರ ಚಹಾದಲ್ಲಿ ಬಿತ್ತು. ಮತ್ತೆ ಅದುಮುವ ಧೈರ್ಯ ಯಾರಿಗೂ ಬರಲಿಲ್ಲ. ಗುಮಾಸ್ತರು ದೇವರ ಮೇಲೆ ಭಾರ ಹಾಕಿ ಕೆಂಪು ಸ್ಪ್ರಿಂಗು ಹಾಕಿದರು.

ಸೀಟಿ ಮೊಳಗಿತು. ಮ್ಯಾನೇಜರ ಕಾರು ಕಪ್ಪೆಯಂತೆ ನೆಗೆದು ಮೊದಲ ಗುಂಡಿಯಲ್ಲೇ ಮಗುಚಿತು. ಎತ್ತಿ ನಿಲ್ಲಿಸಿದರೆ ಮತ್ತೆ ಮಗುಚಿತು. ಗುಮಾಸ್ತರ ಕಾರು ಮಾತ್ರ ಜಲ್ಲಿಯ ಮೇಲೆ ಎಣ್ಣೆ ಜಾರಿದಂತೆ ಸಾಗಿತು. ಅವರು ಬೇಕೆಂದೇ ಗುಂಡಿಗೆ ತಿರುಗಿಸಿದರು. ಇಳಿದು ಹತ್ತಿ ಬಂತು. ಕಲ್ಲಿಗೆ ಗುದ್ದಿಸಿದರು, ಕಲ್ಲನ್ನೇ ದಾಟಿತು. ಕೊನೆಗೆ ಕಣ್ಣು ಮುಚ್ಚಿಕೊಂಡರು. ಚಪ್ಪಾಳೆ ಕೇಳಿಸಿದಾಗ ಅವರಿಗೆ ಅಳುವೇ ಬಂತು.

"ಕೆಂಪು ಗಟ್ಟಿ ಅಂದ್ಯಲ್ಲೋ" ಎಂದು ದಪ್ಪಣ್ಣನನ್ನು ಹಿಡಿದುಕೊಂಡರು.

"ನನ್ನ ಕಾರಿನ ಕಂಪನೀಲಿ ಗಟ್ಟಿನೇ ಸಾರ್. ಅಕ್ಕಂದು ಬೇರೆ ಕಂಪನಿ. ಅವರಲ್ಲಿ ಕೆಂಪೇ ಎಲ್ಲಕ್ಕಿಂತ ಮೆತ್ತಗಂತೆ."

ಯಜಮಾನರು ಓಡಿ ಬಂದು ಗುಮಾಸ್ತರನ್ನು ತಬ್ಬಿಕೊಂಡರು. "ನೆಲ ನೋಡಿ ಸ್ಪ್ರಿಂಗ್ ಬದಲಾಯಿಸಿದ್ರಿ. ಇಂಥವರನ್ನೇ ಹುಡುಕ್ತಿದ್ದೆ. ನಾಳೆಯಿಂದ ನೆಲಮಾಳಿಗೆ ಗೋಡೌನ್ ನಿಮ್ಮದು. ಹಾಸಿಗೆ ಸ್ಪ್ರಿಂಗನ್ನೆಲ್ಲ ಒಂದೊಂದಾಗಿ ಅದುಮಿ ನಂಬರ್ ಹಾಕ್ಬೇಕು."

ಮ್ಯಾನೇಜರು ಮೈಮೇಲಿನ ಧೂಳು ಕೊಡವಿಕೊಳ್ಳುತ್ತ ಹತ್ತಿರ ಬಂದು ದನಿ ತಗ್ಗಿಸಿದರು. "ಬದುಕಿಸಿದ್ರಿ ಕಣ್ರೀ. ಗೆದ್ದವರನ್ನ ಕೆಳಗೆ ಹಾಕ್ತಾರೆ, ಓಟ ಅಂಗಳದಲ್ಲಿ ಅಂತ ನನಗೆ ನಿನ್ನೇನೇ ಗೊತ್ತಿತ್ತು. ಅದಕ್ಕೇ ಇರೋದರಲ್ಲಿ ಗಟ್ಟಿ ಸ್ಪ್ರಿಂಗ್ ಹಾಕ್ಕೊಂಡು ಬಂದೆ."

"ಮತ್ತೆ ನನ್ನ ಕಿಟಕಿ ಪಕ್ಕದ ಮೇಜು, ಸಾರ್?"

"ಕೊಡ್ತೀನಿ. ನಾನು ಮಾತಿಗೆ ತಪ್ಪೋನಲ್ಲ."

ಸಂಜೆಯೊಳಗೆ ಆ ಮೇಜು ನೆಲಮಾಳಿಗೆಗೆ ಇಳಿಯಿತು. ಕಿಟಕಿ ಮೇಲೆಯೇ ಉಳಿಯಿತು.